ಸಣ್ಣ ಕಾರಿಗೆ ಎಷ್ಟು ಗಾಳಿ ಬೇಕು

ಆ ದಿನ ನಡೆದದ್ದನ್ನು ಹಲವರಿಗೆ ಹೇಳಿದ್ದೇನೆ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ಇಲ್ಲಿ ಕಂಡಷ್ಟನ್ನೇ ಬರೆಯುತ್ತೇನೆ.

ನನ್ನ ಮನೆ ಹುಕ್ಕೇರಿಯಲ್ಲಿ. ಕಲಿಸುವ ಶಾಲೆ ಮೂಡಲಗಿಗೆ ಸ್ವಲ್ಪ ಈಚೆಗಿನ ಹಳ್ಳಿಯಲ್ಲಿ. ಬಸ್ಸಾದರೆ ಘಟಪ್ರಭಾದಲ್ಲಿ ಇಳಿದು ಇನ್ನೊಂದು ಹತ್ತಬೇಕು. ಎರಡು ವರ್ಷಗಳಿಂದ ನನ್ನದೇ ಸಣ್ಣ ಕಾರಿನಲ್ಲಿ ಹೋಗಿಬರುತ್ತಿದ್ದೆ. ಘಟಪ್ರಭಾದಲ್ಲಿ ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಹತ್ತುತ್ತಿದ್ದರು. ಅವರು ಮುಂದಿನ ಸೀಟಿನಲ್ಲಿ ಕೂತು ಮಕ್ಕಳ ಸುದ್ದಿ, ಸೊಸೆಯ ಸುದ್ದಿ, ರೊಟ್ಟಿ ಸುಟ್ಟುಹೋದ ಸುದ್ದಿ ಹೇಳುತ್ತಿದ್ದ ಆ ಅರ್ಧ ಗಂಟೆ ನನ್ನ ದಿನದ ಒಳ್ಳೆಯ ಭಾಗವಾಗಿತ್ತು.

ಕಬ್ಬಿನ ಹಂಗಾಮು. ಆ ಬೆಳಿಗ್ಗೆ ಘಟಪ್ರಭಾ ದಾಟಿದ ಮೇಲೆ ನಮ್ಮ ಮುಂದೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಕಬ್ಬು ತುಂಬಿದ ಎರಡು ಟ್ರೇಲರ್. ರಸ್ತೆ ನೇರವಾಗಿತ್ತು. ಎದುರಿಗೆ, ದೂರದಲ್ಲಿ, ಒಂದು ಬಸ್ ಕಾಣುತ್ತಿತ್ತು. ಸಾಕಷ್ಟು ಜಾಗವಿದೆ ಎನಿಸಿತು. ಬಲಕ್ಕೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಎಂಜಿನ್ನಿನ ಸದ್ದು ಏರಿತು, ವೇಗ ಏರಲಿಲ್ಲ. ಹಿಂದಿನ ಟ್ರೇಲರ್ ದಾಟಿದೆವು. ಮುಂದಿನ ಟ್ರೇಲರಿನ ಗಾಲಿ ಎಡ ಕಿಟಕಿಯ ಸಮಕ್ಕೆ ಬಂದು ಅಲ್ಲೇ ಉಳಿಯಿತು. ಬಸ್ಸಿನ ದೀಪ ಎರಡು ಸಲ ಮಿನುಗಿತು. ಆಮೇಲೆ ಬಸ್ಸು ತನ್ನ ಎಡಗಾಲಿಗಳನ್ನು ಡಾಂಬರಿನಿಂದ ಮಣ್ಣಿಗೆ ಇಳಿಸಿತು. ಅದು ಬಿಟ್ಟುಕೊಟ್ಟ ಸಂದಿಯಲ್ಲಿ ನಾವು ಹಾದುಹೋದೆವು.

ಯಾರಿಗೂ ಏನೂ ಆಗಲಿಲ್ಲ. ಹಿರಿಯ ಶಿಕ್ಷಕಿ ಶಾಲೆ ಬರುವವರೆಗೆ ಬಾಗಿಲ ಮೇಲಿನ ಹಿಡಿ ಬಿಡಲಿಲ್ಲ. ಸಂಜೆ ಗೇಟಿನ ಬಳಿ ನಿಂತು ಹೇಳಿದರು: “ನಾಳಿಂದ ನಾ ಬಸ್ಸಿಗಿ ಬರ್ತೇನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ನನಗೆ ಬೇಸರಕ್ಕಿಂತ ಹೆದರಿಕೆ ಹೆಚ್ಚಾಗಿತ್ತು. ಮರುದಿನದಿಂದ ನಾನೂ ಬಸ್ಸಿಗೇ ಹೋದೆ. ಒಂದು ವಾರ ಕಾರು ಮನೆಯ ಮುಂದೆ ಧೂಳು ಹಿಡಿಯಿತು. ಇನ್ನೊಂದು ವಾರ ಹೀಗೇ ಕಳೆದರೆ ಮತ್ತೆ ಸ್ಟೇರಿಂಗ್ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರೂ ಮತ್ತೆ ನನ್ನ ಪಕ್ಕದಲ್ಲಿ ಕೂರುವುದಿಲ್ಲ.

ತಪ್ಪು ಕಾರಿನದು ಎಂದು ನಂಬಿದ್ದೆ. ಎಂಜಿನ್ನಿಗೆ ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಎಳೆತ ಸಿಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಅದರಲ್ಲಿ, ಗಾಳಿ ಸೋಸುವ ಹಳೆಯ ಡಬ್ಬಿ ತೆಗೆದು, ಹೊಳೆಯುವ ಪೈಪಿನ ತುದಿಗೆ ಗೋಪುರದಂಥ ಫಿಲ್ಟರ್ ಕೂರಿಸುತ್ತಿದ್ದರು. ಶನಿವಾರ ಶಾಲೆ ಬೇಗ ಬಿಟ್ಟ ಮೇಲೆ ಮನೆಗೆ ಬಂದು, ಕಾರು ತೆಗೆದು, ಯಾರನ್ನೂ ಹಿಂದಿಕ್ಕದೆ ಗೋಕಾಕದ ಒಂದು ಗ್ಯಾರೇಜಿಗೆ ಹೋದೆ.

ಅಲ್ಲಿಯ ಮೇಸ್ತ್ರಿ ನನ್ನ ಮಾತನ್ನು ಪೂರ್ತಿ ಕೇಳಿ, ಮೂರು ಫಿಲ್ಟರ್ ತಂದು ಮೇಜಿನ ಮೇಲಿಟ್ಟರು. ಒಂದು ಗೋಪುರದ್ದು. ಒಂದು ಹಳೆಯ ಡಬ್ಬಿಯಲ್ಲೇ ಕೂರುವ, ತೊಳೆದು ಮತ್ತೆ ಬಳಸುವ ಅರಳೆಯದು. ಇನ್ನೊಂದು ಕಾರಿನ ಜೊತೆ ಬರುವಂಥದೇ ಮಡಿಕೆ ಮಡಿಕೆಯಾದ ಕಾಗದದ್ದು.

“ಇದು ಶೋಕಿ ಮಾಡಾವರಿಗಿ,” ಎಂದು ಗೋಪುರವನ್ನು ಬದಿಗೆ ಸರಿಸಿದರು. “ಸಪ್ಪಳ ಚಲೋ ಬರ್ತೈತಿ. ಖರೆ, ಎಂಜಿನ್ನಿನ ಬಿಸಿ ಗಾಳಿನ ಮತ್ತ ಜಗ್ಗತೈತಿ. ನಿಮ್ಮ ಹಾದಿ ಧೂಳಿಗೆ ಇದ ತಡ್ಯಾಂಗಿಲ್ಲ.”

“ಮತ್ತ ಅರಳೀದು?”

“ಅದು ನಡಿತೈತಿ. ಆದ್ರ ತೊಳದು, ಒಣಗಿಸಿ, ಅದರ ಎಣ್ಣಿ ಲೆಕ್ಕಾಚಾರದಾಗ ಹಚ್ಚಬೇಕ್ರಿ.”

“ಎಣ್ಣಿ ಹಚ್ಚೂದು ನನಗ ರೂಢಿ ಐತ್ರಿ,” ಎಂದೆ. “ಈಗ ಇರೂದಕ್ಕೂ ಹಚ್ಚೇನಲ್ಲ.”

ಮೇಸ್ತ್ರಿ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. “ಯಾ ಎಣ್ಣಿ?”

“ಟ್ರ್ಯಾಕ್ಟರಿಗಿ ಹಾಕೂದು.”

ಅವರು ಬಾನೆಟ್ ಎತ್ತಿ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿದರು. ಒಳಗಿನ ಕಾಗದದ ಫಿಲ್ಟರ್ ಕಪ್ಪಾಗಿತ್ತು. ಮಡಿಕೆಗಳು ಒಂದಕ್ಕೊಂದು ಅಂಟಿ, ನಡುವೆ ಧೂಳು ಕೆಸರಿನಂತೆ ಕೂತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಅಕ್ಕಾರ, ಫಿಲ್ಟರನ್ನ ಎಣ್ಣಿಗಾಯಿ ಮಾಡೀರಲ್ರಿ. ಇದರಾಗ ಗಾಳಿ ಹ್ಯಾಂಗ ಹೋಗಬೇಕು?”

ನನಗೆ ನಗು ಬರಲಿಲ್ಲ. ಕೊಣ್ಣೂರಿನ ತವರುಮನೆಯಲ್ಲಿ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ಎಣ್ಣೆ ಸವರುತ್ತಿದ್ದೆವು. ಹಳೆಯ ಟ್ರ್ಯಾಕ್ಟರಿನ ಗಾಳಿ ಹೋಗುವ ಡಬ್ಬಿಯ ತಳದಲ್ಲಿ ಒಂದು ಬಟ್ಟಲಿರುತ್ತದೆ; ಅದರಲ್ಲಿ ನಿಂತ ಎಣ್ಣೆಯೇ ಧೂಳನ್ನು ಹಿಡಿಯುತ್ತದೆ. ಅದರ ಕೊಳೆ ಎಣ್ಣೆ ಚೆಲ್ಲಿ ಹೊಸದು ತುಂಬುವ ಕೆಲಸ ಅಪ್ಪ ನನಗೆ ಕೊಟ್ಟಿದ್ದರು. ಅಣ್ಣಂದಿರಿಗೆ ಕೊಟ್ಟಿರಲಿಲ್ಲ. ಈ ವರ್ಷದ ಪೂಜೆಯಲ್ಲಿ ಕಾರಿಗೂ ಅದೇ ಪ್ರೀತಿಯಿಂದ, ಮಡಿಕೆ ಮಡಿಕೆಗೂ ಬಟ್ಟೆ ಅದ್ದಿ, ಎಣ್ಣೆ ಹಚ್ಚಿದ್ದೆ. ಆಮೇಲೆ ಕಾರು ದಿನದಿನಕ್ಕೆ ಮಂದವಾಗುತ್ತಾ ಬಂದಿತ್ತು. ಅದಕ್ಕೆ ವಯಸ್ಸಾಯಿತು ಅಂದುಕೊಂಡಿದ್ದೆ.

“ಹಂಗಾರ ಅವತ್ತ ಆದದ್ದು ಇದರಿಂದನ ಏನ್ರಿ?” ಎಂದು ಕೇಳಿದೆ.

ಮೇಸ್ತ್ರಿ ಆ ಫಿಲ್ಟರನ್ನು ಮೇಜಿನ ಮೇಲಿಟ್ಟರು. “ಅರ್ಧಾ ಇದರಿಂದ. ಕಾರು ಎಳಿಯಾಂಗಿಲ್ಲಂತ ನಿಮಗ ಮೊದಲ ಗೊತ್ತಿತ್ತಲ್ಲ? ಗೊತ್ತಿದ್ದೂ ಬಲಕ್ಕ ಯಾಕ ತಗದ್ರಿ?”



ಕಾಗದದ್ದನ್ನೇ ಆರಿಸಿದೆ. ಜೊತೆಗೆ ಅವರು ಒಂದು ಬದಲಾವಣೆ ಸೂಚಿಸಿದರು: ಡಬ್ಬಿಗೆ ಗಾಳಿ ತರುವ ಕೊಳವೆಯ ಬಾಯಿ ಎಂಜಿನ್ನಿನ ಹತ್ತಿರವಿತ್ತು. ಅದಕ್ಕೆ ಗಟ್ಟಿ ರಬ್ಬರಿನ ತುಂಡೊಂದನ್ನು ಜೋಡಿಸಿ, ಮುಂದಿನ ಜಾಲರಿಯ ಹಿಂದಕ್ಕೆ, ತಂಪು ಗಾಳಿ ಬರುವ ಕಡೆಗೆ ತಿರುಗಿಸಿದರು. “ಇಷ್ಟಕ್ಕ ವಿಮಾನ ಆಗಂಗಿಲ್ಲ ಮತ್ತ,” ಎಂದರು. “ಮೊದಲಿನ ಕಾರು ತಿರಗಿ ಸಿಗ್ತೈತಿ, ಒಂದೀಟ ಹುರುಪಾಗಿ. ಹಂಗಾಮಿನಾಗ ತಿಂಗಳಿಗೊಮ್ಮೆ ಬಿಚ್ಚಿ ಜಾಡಿಸ್ರಿ. ಎಣ್ಣಿ ಮಾತ್ರ ಪಲ್ಯಾಕ್ಕ ಹಾಕ್ರಿ.”

ಸೋಮವಾರ ಕಾರಿನಲ್ಲೇ ಶಾಲೆಗೆ ಹೋದೆ, ಒಬ್ಬಳೇ. ಊಟದ ಬಿಡುವಿನಲ್ಲಿ ಹಿರಿಯ ಶಿಕ್ಷಕಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ: ಎಣ್ಣೆಯ ತಪ್ಪು, ಕಾರು ಮಂದವಾದದ್ದು ಗೊತ್ತಿದ್ದೂ ಹಿಂದಿಕ್ಕಲು ಹೋದ ತಪ್ಪು, ಬಸ್ಸಿನವ ಮಣ್ಣಿಗಿಳಿಯದಿದ್ದರೆ ಏನಾಗುತ್ತಿತ್ತು ಎಂಬುದು. ಬನ್ನಿ ಎಂದು ಕೇಳಲಿಲ್ಲ. ಅವರು ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡರು.

“ಇಷ್ಟ ದಿನಾ ನಾನೂ ಕಾರಿಗೇ ಬೈದೇನಿ,” ಎಂದರು ಕೊನೆಗೆ. “ಪಾಪ.”

ಗುರುವಾರ ಬೆಳಿಗ್ಗೆ ಘಟಪ್ರಭಾದ ನಿಲ್ದಾಣದಲ್ಲಿ ಅವರು ಕೈ ಎತ್ತಿದರು. ನಿಲ್ಲಿಸಿದೆ. ಹಿಂದಿನ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕೂತರು. ಊರು ದಾಟಿದೆವು. ಒಂದು ಕಡೆ ಹಿಂದೆಮುಂದೆ ಯಾರೂ ಇಲ್ಲದ ನೇರ ರಸ್ತೆ ಬಂತು.

“ಈಗ ಒತ್ರಿ, ನೋಡೂಣು,” ಎಂದರು ಹಿಂದಿನಿಂದ.

“ಏನ?”

“ಅದನ್ನ. ಎಷ್ಟ ಎಳಿತೈತಿ ನಾನೂ ನೋಡ್ತೇನಿ.”

ಕನ್ನಡಿ ನೋಡಿದೆ, ಎದುರು ನೋಡಿದೆ, ಒತ್ತಿದೆ. ಕಾರು ತಡಮಾಡದೆ ಮುಂದಕ್ಕೆ ಚಿಮ್ಮಿತು. ಬೆನ್ನಿಗೆ ಸೀಟು ತಾಗಿದ್ದು ನನಗೆ ತಿಳಿಯಿತು, ಅವರಿಗೂ ತಿಳಿದಿರಬೇಕು.

“ಸಾಕ, ಸಾಕ. ಗೊತ್ತಾತು. ಇನ್ನ ಮೆಲ್ಲಕ ನಡೀರಿ.”

ಕಾಲು ಸಡಿಲಿಸಿದೆ. ಒಂದು ಮೈಲಿ ಹೋದಮೇಲೆ ಅವರು ಕಾರು ನಿಲ್ಲಿಸಲು ಹೇಳಿ, ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು ಮುಂದಿನ ಸೀಟಿಗೆ ಬಂದರು. “ಹಿಂದ ಕುಂತ್ರ ಮಾತಾಡಾಕ ಕುತ್ತಿಗಿ ನೋಯ್ತೈತಿ,” ಎಂದು ಬೆಲ್ಟ್ ಎಳೆದುಕೊಂಡರು.