ಬೇಯಿಸುವ ಮೊದಲೇ ಕೆಂಪಗಿದ್ದ ಏಡಿ

ಮಗಳನ್ನು ಕೊಡಬೇಕೆಂದಿದ್ದ ಗಂಗಾವತಿಯ ಮನೆಯಲ್ಲಿ ಮೊದಲ ಊಟಕ್ಕೆ ಕೂತ ಕನಕಪ್ಪ, ನೀರಿನ ತಂಬಿಗೆಗೆ ಕೈ ಚಾಚುವ ನೆಪದಲ್ಲಿ ಏಡಿ ಸಾರಿನ ಬೋಗುಣಿಯನ್ನು ಕಾಲಿನಿಂದ ಉರುಳಿಸಿದ. ಸಾರು ಹೊಸ ಚಾಪೆ ದಾಟಿ, ಮನೆಯೊಡತಿ ದುರ್ಗಾದೇವಿಯ ರೇಷ್ಮೆ ಸೀರೆಯ ಅಂಚು ಮುಟ್ಟಿ ನಿಂತಿತು. ಒಂದು ಕೆಂಪು ಏಡಿ ಜಾರಿ ಬಂದು ಅವಳ ಮಗ, ವರ ಗೋವಿಂದರಾಜನ ತೊಡೆಯ ಮೇಲೆ ಕುಳಿತಿತು.

“ಅಯ್ಯ, ಇದೇನ್ ಮಾಡಿದ್ರಿ!” ಹೆಂಡತಿ ಕರಿಯವ್ವ ಪಿಸುಗುಟ್ಟಿದಳು. “ನಿಮ್ಮ ಕಾಲಿಗೆ ಇವತ್ತ ಸಮುದ್ರ ನೆನಪಾತೇನು?”

ನೆನಪಾದದ್ದೇನೋ ನಿಜ.

ಹುಲಿಹೈದರದ ಕನಕಪ್ಪ ಹದಿನಾಲ್ಕು ವರ್ಷದಿಂದ ಮಲ್ಪೆಯ ಬೋಟಿನಲ್ಲಿ ಕೂಲಿ. ಬಲೆ ಎಳೆಯುವುದು, ಬಿದ್ದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಳ್ಳೆಯದನ್ನು ಬುಟ್ಟಿಗೆ, ಕೆಟ್ಟದ್ದನ್ನು ನೀರಿಗೆ ಎಸೆಯುವುದು. ಮಳೆಗಾಲದಲ್ಲಿ ಬೋಟು ನಿಂತಾಗ ಎರಡು ತಿಂಗಳು ಊರಿಗೆ ಬರುತ್ತಾನೆ. ಬಂದವನಿಗೆ ಬೇಕಾದದ್ದು ನಿದ್ದೆ, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಸಿಗುವುದು ಮೀನು. ಯಾರ ಮನೆಗೆ ಹೋದರೂ “ಸಮುದ್ರದವರು ಬಂದ್ರು” ಎಂದು ಅದನ್ನೇ ಬಡಿಸುತ್ತಾರೆ. ಬಸ್ ಕಂಡಕ್ಟರನನ್ನು ಮನೆಗೆ ಕರೆದು, ಸಂತೋಷವಾಗಲಿ ಎಂದು ಬಸ್ಸಿನಲ್ಲಿ ಕೂರಿಸಿದ ಹಾಗೆ. ಕರಿಯವ್ವ ಮಾತ್ರ ಎಲ್ಲರಿಗೂ ತನ್ನ ಗಂಡ ಬೋಟಿನ ಸೂಪರ್‌ವೈಸರ್ ಎಂದು ಹೇಳಿಟ್ಟಿದ್ದಾಳೆ. ಅಲ್ಲ ಎನ್ನುವಷ್ಟು ಶಕ್ತಿ ಅವನಲ್ಲಿ ಉಳಿದಿರುವುದಿಲ್ಲ.

ಈ ಏಡಿಯೂ ಅಂಥದೇ ಮರ್ಯಾದೆ. ವರನ ಅಣ್ಣ ಯಂಕೇಶ ಗೆಳೆಯರ ಜೊತೆ ಕಾರವಾರದ ಕಡೆ ಹೋಗಿ, ನೀರು ಇಳಿದಾಗ ಬಂಡೆಯ ಸಂದಿಗಳಿಂದ ತಾನೇ ಹಿಡಿದು ಐಸಿನ ಡಬ್ಬಿಯಲ್ಲಿ ತಂದಿದ್ದ. “ಅಲ್ಲಿ ಒಬ್ಬರೂ ಮುಟ್ಟಂಗಿಲ್ರಿ! ನೋಡಿ ಸುಮ್ನ ಹೋಗ್ತಾರ. ಭಾಳ ದಡ್ಡ ಮಂದಿ,” ಎಂದು ಬಡಿಸುವಾಗಲೇ ಹೇಳಿದ್ದ.

ಗಂಗಾವತಿಯ ಗದ್ದೆ ಏಡಿ ಹಸಿಯಾಗಿದ್ದಾಗ ಕೆಸರಿನ ಬಣ್ಣ, ಬೆಂದಾಗ ಕೆಂಪು. ಕೆಂಪಾದರೆ ಇಳಿಸು ಎಂಬುದು ಇಲ್ಲಿಯ ಅಡುಗೆಮನೆಗಳ ಗಡಿಯಾರ. ಇದು ಬರುವಾಗಲೇ ಕೆಂಪಗಿತ್ತು. ದೇವರೇ ಅರ್ಧ ಬೇಯಿಸಿ ಕಳಿಸಿದ್ದಾನೆಂದು ದುರ್ಗಾದೇವಿ ಹಿಗ್ಗಿದ್ದಳು. ಕನಕಪ್ಪನ ಕಣ್ಣಿಗೆ ಬಿದ್ದದ್ದು ಅಗಲವಾದ ಕೆಂಪು ಚಿಪ್ಪು, ಇಕ್ಕಳದಂಥ ಕೊಂಬುಗಳ ಇದ್ದಿಲಿನಷ್ಟು ಕಪ್ಪಾದ ತುದಿ. ಬೋಟಿನಲ್ಲಿ ಕಂಡ ಕೂಡಲೇ ನೀರಿಗೆ ಎಸೆಯುವ ವಿಷದ ಜಾತಿ.

ಬಾಯಿಬಿಟ್ಟರೆ, ನೀವು ವಿಷ ಬಡಿಸಿದಿರಿ ಎಂದಂತೆ. ಗೋವಿಂದರಾಜ, ಮಗಳು ದೀಪಿಕಾ ತಾನೇ ಒಪ್ಪಿದ ಹುಡುಗ. ಊಟ ಸುಸೂತ್ರ ಮುಗಿದರೆ ಎಲೆ ಅಡಿಕೆ. ಕೆಟ್ಟರೆ ಊರಿಗೆ ಹೋಗಿ ಅವಳ ಮುಖ ನೋಡಬೇಕು. ಬೀಗರಾಗುವ ಮೊದಲೇ ಬಾಯಿಗೆ ಬೀಗ ಬಿತ್ತು. ಅದಕ್ಕೇ ಕಾಲಿಗೆ ಕೆಲಸ ಕೊಟ್ಟ.

“ಇರ್ಲಿ ಬಿಡ್ರಿ ಅಣ್ಣಾರ,” ದುರ್ಗಾದೇವಿ ಸೀರೆಯಂಚು ಹಿಂಡುತ್ತ ಅಂದಳು. “ಒಲಿ ಮ್ಯಾಲೆ ಇನ್ನೊಂದು ಗಡಗಿ ಐತಿ. ಯಂಕೇಶಾ, ತಾರೋ.”

ಕನಕಪ್ಪ ಕಣ್ಣು ಮುಚ್ಚಿದ. ಇನ್ನೊಂದನ್ನು ಒದೆಯುವ ತ್ರಾಣ ಇರಲಿಲ್ಲ. ಒದ್ದರೆ ಜಾರಿತು ಎಂದು ನಂಬುವವರೂ ಇರಲಿಲ್ಲ.

“ಅಕ್ಕಾರ, ತಿನಬ್ಯಾಡ್ರಿ. ಅದು ವಿಷದ ಏಡಿ.”

ಯಂಕೇಶನೇ ಮೊದಲು ನಕ್ಕ. “ಸಮುದ್ರದ ಮಾವಾರು ಏಡಿಗೆ ಹೇಡಿ ಆದ್ರಲ್ರಿ!”

“ಎರಡು ತಾಸು ಕುದಿಸೀನಿ,” ದುರ್ಗಾದೇವಿಯ ದನಿ ಬಿಗಿಯಾಯಿತು. “ಮೆಣಸು, ಬಳ್ಳೊಳ್ಳಿ ಅರದು ಹಾಕೀನಿ. ಇನ್ನ ಯಾವ ವಿಷ ಉಳೀತೈತಿ? ಸಂಬಂಧ ಬ್ಯಾಡಾಗಿದ್ರ ನೆಟ್ಟಗ ಹೇಳ್ರಿ.”

ಕರಿಯವ್ವ ಗಂಡನ ಮೊಣಕೈ ಚಿವುಟಿದಳು.

“ಕುದಿಸಿದ್ರ ಹೋಗೂ ವಿಷ ಅಲ್ರಿ ಅದು,” ಎಂದ ಕನಕಪ್ಪ. “ನಮ್ಮ ಬೋಟಿನ್ಯಾಗ ಒಬ್ಬ ಇದ್ದ. ಹೊಸಾ ಮನಷ್ಯಾ, ನಮ್ಮ ಕಡಿಯವನ. ಒಗಿಯೂ ರಾಶಿಯಾಗಿಂದ ಇಂಥಾದ್ದೊಂದು ಆರಿಸಿ ಕುದಿಸಿಕೊಂಡ. ಮೊದಲ ತುಟಿ ಜುಮ್ಮಂತು. ಆಮ್ಯಾಲೆ ನಾಲಿಗಿ ಬ್ಯಾರೆಯವರದು ಅನಿಸ್ತು. ಬೆರಳು ಮಡಚಾಕ ಬರಲಿಲ್ಲ. ಉಸಿರು ಎಳಿಯೂದು ಬಲಿ ಎಳಿಯೂದಕ್ಕಿಂತ ಭಾರ ಆತು. ಬೋಟು ದಂಡಿಗೆ ಬರೂತನಾ ಇಬ್ಬರು ಅವನ್ನ ಕುಂದರಿಸಿ ಹಿಡಕೊಂಡಿದ್ರು.”

ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಕರಿಯವ್ವ ಕೂಡ ಕಂಡಿರಲಿಲ್ಲ. ಗೋವಿಂದರಾಜ ಅಷ್ಟು ಹೊತ್ತು ಮರ್ಯಾದೆಗೆಂದು ತೊಡೆಯ ಮೇಲೇ ಇಟ್ಟುಕೊಂಡಿದ್ದ ಏಡಿಯನ್ನು ಎರಡು ಬೆರಳಲ್ಲಿ ಎತ್ತಿ ತಟ್ಟೆಗೆ ಹಾಕಿದ. ಬೆರಳನ್ನು ಅಣ್ಣನ ಅಂಗಿಗೆ ಒರೆಸಿದ.

ದುರ್ಗಾದೇವಿ ಗಡಿಗೆಯನ್ನು ತಾನೇ ಹಿತ್ತಲಿಗೆ ಒಯ್ದಳು. ಯಂಕೇಶ ನಗುವುದನ್ನು ನಿಲ್ಲಿಸಿ ಗುಂಡಿ ತೋಡಿದ. ಎಲ್ಲವನ್ನೂ ಸುರುವಿ, ಮಣ್ಣು ಮುಚ್ಚಿ, ನಾಯಿ ಕೆದರದಂತೆ ಮೇಲೆ ಕಲ್ಲು ಎಳೆದಿಟ್ಟರು. ಒಳಗೆ ಬಂದವಳು ಕೈ ತೊಳೆದು, ಎಲೆ ಅಡಿಕೆಯ ತಟ್ಟೆಯನ್ನು ಕರಿಯವ್ವನ ಮುಂದೆ ಇಟ್ಟಳು.

“ನಮ್ಮ ಜೀವಾ ಉಳಿಸಿದವರ ಹುಡುಗಿನ್ನ ಬಿಡ್ತೀವೇನ್ರಿ, ಬೀಗರ?”

ಕರಿಯವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕನಕಪ್ಪ ಗೋಡೆಗೆ ಒರಗಿದ.

ದುರ್ಗಾದೇವಿ ದನಿ ತಗ್ಗಿಸಿದಳು. “ಆ ಮನಷ್ಯಾ… ಪಾಪ, ಏನಾದ್ನರಿ ಕಡೀಕ?”

“ಏನೂ ಆಗಲಿಲ್ರಿ. ನಾನ ಅವ,” ಎಂದ ಕನಕಪ್ಪ. “ಉಪ್ಪು ಕಡಿಮಿ ಆಗಿತ್ತು, ಒಂದ ಕಾಲು ತಿಂದು ಬಿಟ್ಟಿದ್ದೆ.”