ಹುಳುವನ್ನು ಬೆಳಕಿಗೆ ಹಿಡಿದವನು

ಥೈಲ್ಯಾಂಡಿನಲ್ಲಿ ನಾನು ಮೂರು ವಾರ ಬೆನ್ನಿಗೆ ಚೀಲ ಹಾಕಿಕೊಂಡು ಅಲೆದೆ. ಅದರಲ್ಲಿ ಹತ್ತು ದಿನ ನನ್ನ ಜೊತೆಗಿದ್ದವನು ರಾಮನಗರದ ಒಬ್ಬ ರೀಲರ್, ಅಂದರೆ ರೇಷ್ಮೆ ಗೂಡು ಕೊಂಡು ಬೇಯಿಸಿ ನೂಲು ತೆಗೆಯುವವನು. ಆ ಹತ್ತು ದಿನವೂ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಯಾವ ನೆನಪನ್ನೂ ಈ ಮಾತು ಬಿಟ್ಟು ಓದಬಾರದು.

ಬ್ಯಾಂಕಾಕಿನ ರೈಲ್ವೆ ಸ್ಟೇಷನ್ನಿನಲ್ಲಿ ಯಾರೋ ಫೋನಿನಲ್ಲಿ ನಮ್ಮ ಕಡೆಯ ಮಾತಿನಲ್ಲಿ ಬೈಯುತ್ತಿರುವುದು ಕೇಳಿಸಿತು. ತಿರುಗಿ ನೋಡಿದರೆ ಇವನು. ನೂಲು ವ್ಯಾಪಾರಿಗಳ ಗುಂಪಿನೊಡನೆ ಪಟ್ಟಾಯಕ್ಕೆ ಟೂರ್ ಬಂದು, ಎರಡೇ ದಿನಕ್ಕೆ ಜಗಳವಾಡಿ ಒಬ್ಬನೇ ಹೊರಬಿದ್ದಿದ್ದ. ಕೈಯಲ್ಲಿ ಒಂದು ನೀಲಿ ಏರ್‌ಬ್ಯಾಗು. ಅದರಲ್ಲಿ ರಾಗಿ ಹುರಿಹಿಟ್ಟು, ಚಟ್ನಿಪುಡಿ, ಹೊಗೆಸೊಪ್ಪಿನ ಪೊಟ್ಟಣಗಳು. ಈ ದೇಶದ ಈಶಾನ್ಯದ ಹಳ್ಳಿಗಳಲ್ಲಿ ಮನೆಮನೆಯಲ್ಲೂ ರೇಷ್ಮೆ ಮಾಡುತ್ತಾರಂತೆ, ಅದನ್ನು ನೋಡಬೇಕು ಎಂದ. ನಾನೂ ಅಲ್ಲಿಗೇ ಹೊರಟಿದ್ದೆ. ಅವನಿಗೆ ಇಂಗ್ಲಿಷ್ ಬಾರದು, ನನಗೆ ಕನ್ನಡ ಕೇಳಿ ಎಂಟು ದಿನವಾಗಿತ್ತು. ಒಟ್ಟಿಗೆ ರೈಲು ಹತ್ತಿದೆವು.

ಒಂದು ಗಂಟೆಯಲ್ಲಿ ಪಶ್ಚಾತ್ತಾಪ ಶುರುವಾಯಿತು. ನಾನು ಕಾಲೇಜು ಮೇಷ್ಟ್ರಾದರೂ ಚನ್ನಪಟ್ಟಣದ ಹತ್ತಿರದ ಹೊಂಗನೂರಿನ ರೇಷ್ಮೆಹುಳು ಸಾಕುವ ಮನೆಯವನು. ಅಪ್ಪ ಗೂಡಿನ ಮಾರುಕಟ್ಟೆಯಿಂದ ಬಂದ ದಿನ ರೀಲರುಗಳನ್ನು ಬೈಯದೆ ತುತ್ತು ಎತ್ತಿದ್ದನ್ನು ನಾನು ಕಂಡಿಲ್ಲ. ಇವನ ಮನೆಯಲ್ಲಿ ರೈತರನ್ನು ಬೈದೇ ಬೆಳಗಾಗುತ್ತಿತ್ತೇನೋ.

"ನಿಮ್ಮೂರೋರ ಗೂಡು ನಂಗೊತ್ತಿಲ್ವಾ ಮೇಷ್ಟ್ರೇ," ಎಂದ. "ಮೇಲ್ಗಡೆ ಮದುವಣಗಿತ್ತಿ, ಕೆಳಗಡೆ ಹೆಣ."

ಒಳ್ಳೆಯ ಗೂಡಿನ ಅಡಿಯಲ್ಲಿ ಕೊಳೆತದ್ದನ್ನು ತುಂಬುತ್ತೀರಿ ಎಂಬುದು ಅದರ ಅರ್ಥ. ನಮ್ಮಪ್ಪನ ಗೂಡನ್ನು ತೇವ ಎಂದು ಸುಳ್ಳು ಹೇಳಿ ಎಷ್ಟು ಸಲ ರೇಟು ಇಳಿಸಿದ್ದೀರಿ ಎಂದು ನಾನು ಕೇಳಿದೆ. ಅಲ್ಲಿಂದ ಕಿಟಕಿ ಪಕ್ಕದ ಸೀಟಿಗೆ, ಫ್ಯಾನಿನ ಕೆಳಗಿನ ಮಂಚಕ್ಕೆ, ಅನ್ನದ ಜೊತೆ ಅವನು ಕಲಸಿಕೊಳ್ಳುವ ಚಟ್ನಿಪುಡಿಯ ವಾಸನೆಗೆ, ಎಲ್ಲಕ್ಕೂ ಜಗಳ. ಕಡಲು ದಾಟಿ ಬಂದಿದ್ದರೂ ಇಬ್ಬರೂ ಮಾರುಕಟ್ಟೆಯ ಎರಡು ಕಡೆಯಲ್ಲೇ ನಿಂತಿದ್ದೆವು.

ಕೊರಾಟ್ ಎಂಬ ಊರಿನ ಹಾಸ್ಟೆಲಿನಲ್ಲಿ ಮೂರನೆಯವರು ಸೇರಿಕೊಂಡರು. ನರ್ಸ್ ಕೆಲಸದಿಂದ ನಿವೃತ್ತರಾಗಿ ಒಬ್ಬರೇ ತಿರುಗುತ್ತಿದ್ದ ಡಚ್ ಹೆಂಗಸು. ನೀವಿಬ್ಬರೂ ಮುದಿ ಗಂಡಹೆಂಡಿರ ಥರ ಕಚ್ಚಾಡುತ್ತೀರಿ ಎಂದು ಅವರು ಒಂದು ದಿನ ನಕ್ಕರು. ಏನಂತೆ ಎಂದು ಅವನು ಕೇಳಿದ. ನಾಳೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದಾರೆ ಎಂದು ಹೇಳಿದೆ. ಅವರ ಮಾತನ್ನು ನಾನು ಅವನಿಗೆ ಪೂರ್ತಿ ದಾಟಿಸುತ್ತಿರಲಿಲ್ಲ. ಆ ಪುಟ್ಟ ಅಧಿಕಾರ ನನಗೆ ಹಿತವಾಗಿತ್ತು.

ಮರುದಿನದ ಬಸ್ಸು ನಮ್ಮ ಮೂವರನ್ನು ಇಳಿಸಿದ್ದು ಕಂಬಗಳ ಮೇಲೆ ಕಟ್ಟಿದ ಮರದ ಮನೆಗಳ ಊರಿನಲ್ಲಿ. ನಾವು ಉಳಿದ ಮನೆಯಾಕೆಗೆ ಅರವತ್ತು ದಾಟಿರಬೇಕು. ಮನೆಯ ಕೆಳಗೆ ಮಗ್ಗ, ಗೂಡು ಬೇಯಿಸುವ ಮಡಕೆ, ಮತ್ತೆ ದುಂಡನೆಯ ಬಿದಿರ ತಟ್ಟೆಗಳಲ್ಲಿ ಹುಳು. ಇನ್ನೊಂದೆರಡು ದಿನಕ್ಕೆ ಮೇವು ಬಿಟ್ಟು ಗೂಡು ಕಟ್ಟುವ ಹುಳುಗಳು. ನಮ್ಮ ಕಡೆ ಇದಕ್ಕೆ ಹುಳು ಹಣ್ಣಾಗುವುದು ಎನ್ನುತ್ತಾರೆ. ಹಿಪ್ಪುನೇರಳೆ ಸೊಪ್ಪನ್ನು ಅವು ಮೇಯುವ ಸದ್ದು ಕೇಳಿದ್ದೇ ನಾನು ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಅದನ್ನು ಅವನು ನೋಡಿದನೇನೋ ಎಂದು ಸಿಟ್ಟೂ ಬಂತು.

ಇಲ್ಲಿಂದ ಮುಂದಿನದನ್ನು ನಾನು ನೋಡಿದ್ದೇನೆ ಎಂದು ಮೂರು ವರ್ಷ ನಂಬಿದ್ದೆ. ಸಂಜೆ, ಬಿಸಿಲು ಓರೆಯಾಗಿ ಕಂಬಗಳ ನಡುವೆ ಬರುತ್ತಿತ್ತು. ಮನೆಯಾಕೆ ಮೇಲೆ ಹೋಗಿದ್ದಳು. ರೀಲರ್ ತಟ್ಟೆಯ ಮೇಲಿನ ಬಟ್ಟೆ ಸರಿಸಿ, ಒಂದು ಹುಳುವನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅದನ್ನು ಇಟ್ಟು ಇನ್ನೊಂದನ್ನು ಎತ್ತಿದ. ಐದಾರು ಹುಳು ನೋಡಿರಬೇಕು, ಆಮೇಲೆ ಕೈಯಿಂದ ಸೊಪ್ಪನ್ನು ಸರಿಮಾಡಿ ಬಟ್ಟೆ ಮುಚ್ಚಿದ. ಹೊಗೆಸೊಪ್ಪು ತಿಕ್ಕುವ ಕೈ ಅದು. ಹುಳು ಸಾಕುವವರ ಮನೆಯಲ್ಲಿ ಹೊಗೆಸೊಪ್ಪಿನ ಕೈಯನ್ನು ತಟ್ಟೆಯ ಹತ್ತಿರ ಬಿಡುವುದಿಲ್ಲ. ಹುಳುವಿಗೆ ಅದು ವಿಷ.

ಬೆಳಗ್ಗೆ ಆ ತಟ್ಟೆಯ ಹುಳುಗಳು ತಲೆ ಎತ್ತಿ ಎತ್ತಿ ಆಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಬಿಸಿಲೇರುವ ಹೊತ್ತಿಗೆ ಕುಗ್ಗಿ ಸತ್ತವು. ಮನೆಯಾಕೆ ಅಳಲಿಲ್ಲ, ಕೂಗಾಡಲಿಲ್ಲ. ನಾವು ಮೂವರು ನಿಂತಲ್ಲಿಗೆ ಬಂದು ಫೋನಿನಲ್ಲಿ ಏನೋ ಮಾತಾಡಿ ತೋರಿಸಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ: ಯಾರ ಕೈ?

ನಾನು ಅವನತ್ತ ಬೆರಳು ತೋರಿಸಿದೆ.

ಅವನ ಬೆನ್ನು ನಮ್ಮ ಕಡೆಗಿತ್ತು, ತಟ್ಟೆಯನ್ನೇ ನೋಡುತ್ತ ನಿಂತಿದ್ದ. ತಿರುಗಿ ಏನಂತೆ ಎಂದು ಕೇಳಿದಾಗ, ಹುಳುವಿಗೆ ಏನೋ ರೋಗ ಅಂತಿದ್ದಾರೆ ಎಂದೆ. ಅಯ್ಯೋ ಪಾಪ ಎಂದವನೇ ಮಧ್ಯಾಹ್ನದವರೆಗೂ ಉಳಿದ ತಟ್ಟೆಗಳಿಗೆ ಸೊಪ್ಪು ಕೊಯ್ದು ತಂದು ರಾಶಿ ಹಾಕಿದ. ಆಕೆ ಆ ಸೊಪ್ಪನ್ನು ಮುಟ್ಟಲಿಲ್ಲ. ಯಾಕೆ ಎಂದು ಅವನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ನಾನು ಚನ್ನಪಟ್ಟಣದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಹೇಳುತ್ತೇನೆ. ಕಣ್ಣಾರೆ ಕಂಡೆ ಎನ್ನುವವರನ್ನು ಎಷ್ಟು ನಂಬಬೇಕು ಎಂಬುದು ಪ್ರತಿವರ್ಷ ನನ್ನ ಪಾಠ. ಆದರೂ ಊರಿಗೆ ಬಂದು ಒಂದು ಪತ್ರಿಕೆಯ ಭಾನುವಾರದ ಪುಟಕ್ಕೆ ಇದನ್ನೆಲ್ಲ ಕಂಡ ಹಾಗೇ ಬರೆದೆ. ಹೆಸರು ಹಾಕಲಿಲ್ಲ. ಎಡಗೈ ಹೆಬ್ಬೆರಳ ಮೇಲೆ ಬಿಸಿನೀರಿನ ಸುಟ್ಟ ಕಲೆಯಿರುವ ರೀಲರ್ ಎಂದಷ್ಟೇ ಬರೆದೆ. ರಾಮನಗರದ ಮಾರುಕಟ್ಟೆಗೆ ಅಷ್ಟೇ ಸಾಕಾಯಿತು. ಓದಿದವರು ಹತ್ತು ಮಂದಿ ಇರಬಹುದು, ಕೇಳಿದವರು ಎಲ್ಲರೂ.

ಈ ವರ್ಷ ಒಂದು ಬೆಳಗ್ಗೆ ನಾನು ಹೊಂಗನೂರಿನ ಅಣ್ಣನ ಮನೆಯಲ್ಲಿದ್ದಾಗ ಅವನು ಹುಡುಕಿಕೊಂಡು ಬಂದ. ಬೈಕು ನಿಲ್ಲಿಸಿ ಅಂಗಳದಲ್ಲೇ ನಿಂತ. ಕೂರಿ ಎಂದರೆ ಕೂರಲಿಲ್ಲ. ಗೂಡು ಕೊಳ್ಳುವ ಮುಂಚೆ ರೀಲರ್ ರಾಶಿಯೊಳಗೆ ಕೈ ಹಾಕಿ ನೋಡುತ್ತಾನೆ, ಅವನ ಕಸುಬು ಇರುವುದೇ ಆ ಕೈಯಲ್ಲಿ. ಈಗ ಇವನು ಬರುವುದು ಕಂಡರೆ ರೈತರು ರಾಶಿಯ ಮೇಲೆ ಟವೆಲ್ ಎಳೆಯುತ್ತಾರಂತೆ. ಮುಟ್ಟಿ ನೋಡದೆ ಹರಾಜಿನಲ್ಲಿ ಕೂಗಿ ಕೊಂಡ ಗೂಡು ಎರಡು ಸಲ ಕೈಕೊಟ್ಟಿತ್ತು. ಗೂಡು ಬೇಯಿಸುವ ಅವನ ಒಲೆಗಳಲ್ಲಿ ಅರ್ಧ ಆರಿದ್ದವು.

"ಹುಳ ಸಾಯ್ಸೋ ಕೈ ಅಂತಾರೆ. ಥೈಲ್ಯಾಂಡ್ ಅಂತ್ಲೇ ಕರೀತಾರೆ," ಎಂದ. "ಪಟ್ಟಾಯಕ್ಕೆ ಹೋದೋನು ಹುಳ ನೋಡ್ಕಂಡು ಬಂದ್ನಂತೆ ಅಂತ ಅದಕ್ಕೊಂದು ನಗಾಡ್ತಾರೆ. ನಾನು ಯಾವ್ ಹುಳ ಮುಟ್ಟಿದ್ದು ಮೇಷ್ಟ್ರೇ? ನೀನ್ ನೋಡಿದ್ಯಾ?"

ಮೊದಲ ಸಲ ನನ್ನನ್ನು ನೀನು ಎಂದಿದ್ದ. ನೋಡಿದ್ದೇನೆ ಎಂದೆ. ಬಿಸಿಲು, ಕಂಬ, ಬಟ್ಟೆ, ಬೆರಳು ಎಲ್ಲವನ್ನೂ ಒಪ್ಪಿಸಿದೆ. ಮಾತು ಏರಿತು. ಅಪ್ಪನ ಕಾಲದ ಗೂಡೂ ನಡುವೆ ಬಂತು. ಹುಳುಮನೆಯೊಳಗಿದ್ದ ಅತ್ತಿಗೆಗೆ ಜಗಳದ ತಲೆಬುಡ ಗೊತ್ತಿರಲಿಲ್ಲ, ರೀಲರ್ ಬಂದಿದ್ದಾರೆ ಎಂಬುದಷ್ಟೇ ಕೇಳಿಸಿರಬೇಕು. ಬಾಗಿಲಿಗೆ ಬಂದು, ಒಂದು ಹುಳುವನ್ನು ಎರಡು ಬೆರಳಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ತಿರುಗಿಸಿದರು. ಹಣ್ಣಾದ ಹುಳು ಬೆಳಕಿಗೆ ಹಿಡಿದರೆ ಒಳಗೆಲ್ಲ ದ್ರಾಕ್ಷಿಯ ಹಾಗೆ ಕಾಣುತ್ತದೆ.

"ನೋಡಿ ಅಣ್ಣ, ನಾಳಿಕ್ಕೆ ಹಣ್ಣಾಯ್ತದೆ. ಒಳ್ಳೆ ಗೂಡು ಬತ್ತದೆ," ಎಂದು ಅವನ ಕೈಗೆ ಹುಳು ನೀಡಿದರು.

ಅವನು ಎರಡು ಹೆಜ್ಜೆ ಹಿಂದೆ ಹೋದ. ಎರಡೂ ಕೈ ಬೆನ್ನ ಹಿಂದೆ.

"ಬ್ಯಾಡ ಕಣವ್ವ. ನಾನು ಬೇಯ್ಸಿದ್ದು ಮುಟ್ಟೋನು. ಜೀವ ಇರೋ ಹುಳ ಕಂಡ್ರೆ ಮೈಯೆಲ್ಲ ಜುಮ್ ಅಂತದೆ."

ಅತ್ತಿಗೆ ನಕ್ಕರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಹುಳುವನ್ನು ಬೆಳಕಿಗೆ ಹಿಡಿದು ನೋಡುವುದು ಸಾಕುವವರ ಚಾಳಿ. ರೀಲರಿಗೆ ಅದು ಯಾಕೆ ಬೇಕು? ಅವನು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಬೆಳಕಿಗೆ ಹಿಡಿಯುವುದನ್ನು ಆರು ವರ್ಷದವನಾಗಿದ್ದಾಗ ಇದೇ ಬಾಗಿಲಲ್ಲಿ ಅವ್ವ ನನಗೆ ಕಲಿಸಿದ್ದಳು. ಇಂದಿಗೂ ಹುಳು ಕಂಡರೆ ಯೋಚಿಸುವ ಮೊದಲು ಕೈ ಹೋಗುತ್ತದೆ.

ಇನ್ನೊಂದು ವಿಷಯ ಹಿಂದೆಯೇ ಬಂತು. ಡೆಂಗ್ಯೂ ಭಯಕ್ಕೆ ನಾನು ಅಲ್ಲಿ ದಿನಾ ನಾಲ್ಕು ಗಂಟೆಗೆ ಕೈಗೆಲ್ಲ ಸೊಳ್ಳೆಯ ಕ್ರೀಮು ಬಳಿದುಕೊಳ್ಳುತ್ತಿದ್ದೆ. ಹುಳುವಿಗೆ ಅದು ಹೊಗೆಸೊಪ್ಪಿಗಿಂತ ಕಡಿಮೆ ವಿಷವೇನಲ್ಲ.

ಆದರೂ ನಾನು ತಕ್ಷಣ ಒಪ್ಪಲಿಲ್ಲ. ಅವನನ್ನು ಹಾಗೇ ಕಳಿಸಿಬಿಟ್ಟೆ. ಹೋಗುವಾಗ ಅವನು, ಪೇಪರಿನಲ್ಲಿ ಮತ್ತೆ ಬರೆಯುವುದೇನೂ ಬೇಡ, ಗೊತ್ತಾದ ದಿನ ಮಾರುಕಟ್ಟೆಗೆ ಬಂದು ಬಾಯಲ್ಲಿ ಹೇಳು ಎಂದ. ನಾನು ಡಚ್ ಹೆಂಗಸಿಗೆ ಮೇಲ್ ಹಾಕಿದೆ. ಹುಳು ಮುಟ್ಟಿದ್ದು ಯಾರೆಂದು ತಾನು ನೋಡಿಲ್ಲ, ಮನೆಯಾಕೆ ಸತ್ತ ಹುಳುಗಳನ್ನು ಹೂತದ್ದು ಮಾತ್ರ ನೆನಪಿದೆ ಎಂದು ಉತ್ತರ ಬಂತು. ಕೋಳಿಗಳಿಗೆ ಸುರಿದಳೆಂದು ನಾನು ಪತ್ರಿಕೆಯಲ್ಲಿ ಬರೆದಿದ್ದೆ. ಕೋಳಿಗಳ ಬಣ್ಣವನ್ನೂ ಬರೆದಿದ್ದೆ.

ಈಗಲೂ ಕಣ್ಣು ಮುಚ್ಚಿದರೆ ಹುಳು ಹಿಡಿದವನು ಅವನೇ. ಹೆಬ್ಬೆರಳ ಕಲೆ ಸಮೇತ ಕಾಣುತ್ತಾನೆ. ನನ್ನನ್ನು ನಾನು ಅಲ್ಲಿ ಕಾಣುವುದೇ ಇಲ್ಲ. ಅವನು ಮುಟ್ಟಲಿಲ್ಲ ಎಂಬುದಕ್ಕೆ ನನ್ನ ಬಳಿ ಇರುವುದು ಬೆನ್ನ ಹಿಂದೆ ಹೋದ ಎರಡು ಕೈ ಮಾತ್ರ. ಆದರೆ ಅವನೇ ಎಂದು ಬೆರಳು ತೋರಿಸುವುದಕ್ಕೆ ನನ್ನ ಬಳಿ ಅಷ್ಟೂ ಇರಲಿಲ್ಲ. ಅಪ್ಪನ ಬೈಗುಳ ಇತ್ತು.

ಅಣ್ಣನ ಗೂಡು ಬಿಡಿಸಿದ ದಿನ ನಾನೂ ರಾಮನಗರದ ಮಾರುಕಟ್ಟೆಗೆ ಹೋದೆ. ರೀಲರ್ ರಾಶಿಗಳನ್ನು ನೋಡುತ್ತ ಬಂದ. ನಮ್ಮ ಪಕ್ಕದ ರಾಶಿಯ ಬೈರಾಪಟ್ಟಣದ ರೈತ ಟವೆಲ್ ಎಳೆಯುತ್ತ, ಥೈಲ್ಯಾಂಡ್ ಬಂದ ಮುಚ್ಕಳ್ರಲಾ ಎಂದ. ನಾಲ್ಕಾರು ಜನ ನಕ್ಕರು. ನಾನು ಎದ್ದು ನಿಂತು, ಅವತ್ತು ಹುಳು ಮುಟ್ಟಿದ್ದು ಇವರಲ್ಲ, ನಾನು, ಕೈಯಲ್ಲಿ ಸೊಳ್ಳೆ ಕ್ರೀಮು ಇತ್ತು ಎಂದೆ. ತರಗತಿಯ ಗಟ್ಟಿ ದನಿಯಲ್ಲೇ ಹೇಳಿದೆ.

"ಹಂಗಾರೆ ಬರ್ಯೋವಾಗ ಏನ್ ನಿದ್ದೆ ಮಾಡ್ತಿದ್ರಾ?" ಎಂದ ಬೈರಾಪಟ್ಟಣದವನು.

ರೀಲರ್ ನನ್ನ ಮುಖ ನೋಡಲಿಲ್ಲ. ಅಣ್ಣನ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಅಡಿಯಿಂದ ನಾಲ್ಕು ಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿದ.

"ತ್ಯಾವ ಐತೆ," ಎಂದು ವಾಪಸ್ಸು ಬಿಸಾಡಿ ಮುಂದಕ್ಕೆ ಹೋದ.

ತೇವ ಇರಲಿಲ್ಲ. ಅಣ್ಣ ನನ್ನನ್ನು ಗುರಾಯಿಸಿ ನೋಡಿದ. ಪಕ್ಕದ ರೈತ ಒಮ್ಮೆ ನನ್ನನ್ನು, ಒಮ್ಮೆ ಅವನ ಕೈಯನ್ನು ನೋಡಿ ಟವೆಲನ್ನು ಅರ್ಧ ತೆಗೆದ. ಆ ಅರ್ಧದೊಳಗೆ ರೀಲರ್ ಕೈ ಹಾಕಿದ.

ಈಗ ಹೊಂಗನೂರಿಗೆ ಹೋದರೆ ಅತ್ತಿಗೆ ಊಟಕ್ಕೆ ಕರೆಯುತ್ತಾರೆ, ಕಾಲೇಜಿನ ಸುದ್ದಿ ಕೇಳುತ್ತಾರೆ. ಹುಳುಮನೆಯ ಬಾಗಿಲ ಹತ್ತಿರ ಹೋದರೆ ಮಾತ್ರ ಒಳಗಿನಿಂದಲೇ ಹೇಳುತ್ತಾರೆ: "ನೀವು ಆಚೇನೇ ಇರಿ."