ಇಪ್ಪತ್ತಕ್ಕೆ ಎಷ್ಟು ಸಲ?

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆ ವಿಂಗಡಿಸಿದ ಹೆಂಗಸಿಗೆ ಜೊತೆಯವರಿಟ್ಟ ಹೆಸರು ಲೆಕ್ಕದಮ್ಮ. ನಂಬರ್ ಹೊಲಿದ ಎಂಟು ಬಟ್ಟೆಗಳನ್ನು ಐದು ಗಂಟು ಕಟ್ಟಬೇಕು. ಯಾವುದರ ಜೊತೆ ಯಾವುದು ಅಂತ ಎಷ್ಟು ಬಗೆಯಲ್ಲಿ ಕಟ್ಟಬಹುದು? ಸಾವಿರದ ಐವತ್ತು. ಊಟದ ಬಿಡುವಿನಲ್ಲಿ ಔಷಧಿ ಡಬ್ಬದ ರಟ್ಟಿನ ಮೇಲೆ ಇಂಥದ್ದನ್ನೇ ಗುಣಿಸುತ್ತಿದ್ದಳು. ಬಂದ ಉತ್ತರವನ್ನು ಎಷ್ಟು ಸಲ ಸರಿಯಾಗಿ ಅರ್ಧ ಮಾಡಬಹುದು ಎಂದು ನೋಡುವುದು ಇನ್ನೊಂದು ಹುಚ್ಚು. ಗಂಟು ಐದೇ ಇಟ್ಟರೆ ಎಂಟು ಬಟ್ಟೆಗೆ ಒಂದೇ ಸಲ, ಹನ್ನೆರಡಕ್ಕೆ ಮೂರು, ಹದಿನಾರಕ್ಕೆ ಮತ್ತೆ ಒಂದು.

ಅಕ್ಕನ ಗಂಡನಿಗೆ ತೋರಿಸಿದ್ದೇ ತಪ್ಪಾಯಿತು. ಭಾವ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. "ಇವಕ್ಕೆ ಸ್ಟರ್ಲಿಂಗ್ ಸಂಖ್ಯೆ ಅಂತಾರೆ ಕಣೇ. ನೀನು ಬಟ್ಟೆ ನೋಡ್ಕೋ ಹೋಗು," ಎಂದು ರಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡ. ಮೂರು ತಿಂಗಳಿಗೆ ಕಾಲೇಜಿನ ಪತ್ರಿಕೆಯಲ್ಲಿ ಅಚ್ಚಾಯಿತು: ಬಟ್ಟೆ ನಾಲ್ಕು ನಾಲ್ಕು ಏರಿದಂತೆ ಒಂದು, ಮೂರು, ಒಂದು, ಮೂರು, ಹೀಗೇ ಕೊನೆತನಕ ಸಾಗುತ್ತದೆಂಬ ಊಹೆ. ಅವನ ಮುಖಕ್ಕಿಷ್ಟು! ಹೆಸರು ಅವನದೊಂದೇ. ಸೋಮಾರಿ, ಮುಂದಿನದನ್ನು ಗುಣಿಸಿಯೂ ನೋಡಿರಲಿಲ್ಲ.

ಇದು ಲೆಕ್ಕದಮ್ಮನದೆಂದು ಅವನ ಬಾಯಿಂದಲೇ, ನಾಲ್ಕು ಜನರ ಮುಂದೆ ಬರಬೇಕು ಎಂದು ಹಟ ತೊಟ್ಟಳು. ಆ ವಾರವೇ ಇಪ್ಪತ್ತು ಬಟ್ಟೆಯ ಲೆಕ್ಕ ಮುಗಿಸಿ, ಎರಡು ಸಲ ತಾಳೆ ನೋಡಿ, ಬಾಯಿಗೆ ಬೀಗ ಹಾಕಿಕೊಂಡಳು.

ಕಾಲೇಜಿನಲ್ಲಿ ಈ ಊಹೆಯ ಬಗ್ಗೆ ಭಾವನ ಭಾಷಣ ಎಂದು ಅಕ್ಕನೇ ಕರೆದುಕೊಂಡು ಹೋದಳು. ಚಪ್ಪಾಳೆ ನಿಂತ ಮೇಲೆ ಲೆಕ್ಕದಮ್ಮ ಹಿಂದಿನ ಬೆಂಚಿನಿಂದ ಎದ್ದಳು.

"ಭಾವ, ಇಪ್ಪತ್ತಕ್ಕೆ ಎಷ್ಟು ಸಲ?"

"ಮೂರು. ಅದನ್ನೂ ಕೇಳ್ಬೇಕಾ?"

"ಬರ್ಕೊಳ್ಳಿ ಹಾಗಾದ್ರೆ. ಎಪ್ಪತ್ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತು ಕೋಟಿ, ಅರವತ್ತು ಲಕ್ಷ, ತೊಂಬತ್ತು ಸಾವಿರದ ಐನೂರು. ಅರ್ಧ ಮಾಡಿ."

ಮುಂದಿನ ಸಾಲಿನ ಹಿರಿಯ ಮೇಷ್ಟ್ರು ತಾವೇ ಗುಣಿಸಿ, "ಸಂಖ್ಯೆ ಸರಿ ಇದೆ," ಅಂದರು. ಭಾವ ಬೋರ್ಡಿನ ಮೇಲೆ ಒಮ್ಮೆ ಅರ್ಧ ಮಾಡಿದ. ಇನ್ನೊಮ್ಮೆ ಮಾಡಿದ. ಕೊನೆಯ ಅಂಕಿ ಐದು ಬಂತು. ಮೂರನೆಯ ಸಲ ಸರಿಯಾಗಿ ಅರ್ಧವಾಗುವಂತೆಯೇ ಇರಲಿಲ್ಲ. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಭಾವ ಬೆವರು ಒರೆಸಿಕೊಂಡ. "ನೋಡಿ, ಇದು ನನ್ನದಲ್ಲ. ನನ್ನ ನಾದಿನಿ ಮಾಡಿದ ಲೆಕ್ಕ. ಅವಳನ್ನ ನಂಬಿ ಕೆಟ್ಟೆ."

ಅಬ್ಬಾ, ಇದಕ್ಕೇ ಅವಳು ಕಾದಿದ್ದು.

"ಎಲ್ರೂ ಕೇಳಿಸ್ಕೊಂಡ್ರಲ್ಲ? ಎಂಟು, ಹನ್ನೆರಡು, ಹದಿನಾರು ನನ್ನವು. ಇಪ್ಪತ್ತೂ ನನ್ನದೇ. ಹೀಗೇ ಸಾಗುತ್ತೆ ಅಂದಿದ್ದು ಮಾತ್ರ ನಿಮ್ಮದು, ಭಾವ. ಅದನ್ನ ನೀವೇ ಇಟ್ಕೊಳ್ಳಿ."